ಮೇ ತಿಂಗಳ ಛಾಟಣಿ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಸಂಸ್ಕೃತಿ ಎಂದು ನಂಬಿ ಬಂದವರಿಗೆ ಮರದ ಕೊಂಬೆ ಕಡಿಯುವ ವಿಷಯ ತೀರ ಚಿಲ್ಲರೆ ಅನ್ನಿಸೀತು. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಬಹುಪಾಲು ಜನ ಯಾವುದಾದರೊಂದು ಹೌಸಿಂಗ್ ಸೊಸೈಟಿಯ ಸದಸ್ಯರು. ಅವರಲ್ಲಿ ಸೆಕ್ರೆಟರಿ, ಚೇರ್ಮನ್, ಖಜಾಂಚಿ ಆಗಿರುವವರೂ ಕಡಿಮೆಯಿಲ್ಲ. ಕಂಪೌಂಡಿನ ಮರವನ್ನು ಯಾವಾಗ ಕಡಿಸಬೇಕು, ಎಷ್ಟು ಕಡಿಸಬೇಕು, ಯಾರ ಕೈಯಿಂದ ಕಡಿಸಬೇಕು ಎಂಬುದು ನಿಜಕ್ಕೂ ನಿಶ್ಚಯವಾಗುವುದು ಅವರ ಮೇಜಿನ ಮೇಲೆ. ಆದ್ದರಿಂದ ಅರಣ್ಯ ಇಲಾಖೆಗೆ ಹೇಳಬೇಕಾದ ಮಾತಿಗಿಂತ ಈ ಸಭೆಗೆ ಹೇಳಬೇಕಾದ ಮಾತೇ ಹೆಚ್ಚು. ಅದು ಇಷ್ಟು: ಮಳೆಗಾಲದ ಪೂರ್ವತಯಾರಿ ಎಂಬ ಹೆಸರಿನಲ್ಲಿ ಈ ನಾಲ್ಕೂ ಊರುಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆಯುವ ಮರದ ಛಾಟಣಿ, ಎಂದರೆ ಕೊಂಬೆ ಸವರುವ ಕೆಲಸ, ಮಳೆ ನಿಂತ ಮೇಲಿನ ಅಕ್ಟೋಬರ್, ನವೆಂಬರಿಗೆ ಹೋಗಬೇಕು. ಗೂಡು ಕಟ್ಟುವ ಹಕ್ಕಿಗೆ ಅದರಿಂದ ಒಳ್ಳೆಯದಾಗುತ್ತದೆ. ಮರದ ಕೆಳಗೆ ನಡೆದುಹೋಗುವ ಮನುಷ್ಯನಿಗೂ ಒಳ್ಳೆಯದಾಗುತ್ತದೆ. ಈ ಎರಡನೆಯದನ್ನು ಒಪ್ಪಿಸುವುದೇ ಕಷ್ಟ. ಹಾಗಾಗಿ ಹೆಚ್ಚಿನ ಹೊತ್ತನ್ನು ಅದಕ್ಕೇ ಕೊಡುತ್ತೇನೆ.

ಮೊದಲು ಹಕ್ಕಿಗಳ ಪಂಚಾಂಗ ನೋಡೋಣ. ಏಪ್ರಿಲ್‌ನಿಂದ ಜೂನ್‌ವರೆಗೆ ಕಾಗೆ ಗೂಡು ಕಟ್ಟುತ್ತದೆ. ಮೊಟ್ಟೆಗೆ ಸುಮಾರು ಹದಿನಾರು, ಹದಿನೇಳು ದಿನ ಕಾವು. ಮರಿ ಹಾರಲು ಮತ್ತೆ ಮೂರು ನಾಲ್ಕು ವಾರ. ಆ ಗೂಡನ್ನೇ ನಂಬಿಕೊಂಡಿರುವ ಕೋಗಿಲೆಯ ಸಂತಾನವೂ ಅದೇ ಲೆಕ್ಕಕ್ಕೆ ಸೇರಿತು. ಚಿಟ್ಟುಕುಟ್ರ ಒಣಗಿದ ಕೊಂಬೆಯ ತಳಭಾಗದಲ್ಲಿ ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡ ದುಂಡನೆಯ ತೂತು ಕೊರೆದು ಒಳಗೆ ಮರಿ ಮಾಡುತ್ತದೆ. ಛಾಟಣಿಯವರ ಕಣ್ಣು ಮೊದಲು ಬೀಳುವುದು ಅದೇ ಒಣಕೊಂಬೆಯ ಮೇಲೆ. ಮಡಿವಾಳ ಹಕ್ಕಿಗೂ ಮಾರ್ಚ್‌ನಿಂದ ಜುಲೈ ಪೊಟರೆಯ ಕಾಲ. ಜೂನ್‌ನಲ್ಲಿ ಮಳೆ ಬಿದ್ದೊಡನೆ ಬೆಳ್ಳಕ್ಕಿ, ಗೋವಕ್ಕಿ, ಕೊಳದ ಬಕ, ಇರುಳು ಬಕ, ನೀರುಕಾಗೆಗಳು ಒಂದೇ ಮರದಲ್ಲಿ ಒತ್ತೊತ್ತಾಗಿ ಗೂಡು ಹಾಕುತ್ತವೆ. ಕೆರೆ, ಖಾಡಿ, ಗದ್ದೆಗಳಲ್ಲಿ ಮೀನು, ಕಪ್ಪೆ, ಹುಳು ತುಂಬಿರುವಾಗಲೇ ಮರಿಗಳ ಹೊಟ್ಟೆ ತುಂಬಿಸಬೇಕೆಂಬ ಲೆಕ್ಕ ಅವುಗಳದು. ಇಂಥ ಸಮೂಹಕ್ಕೆ ಅವು ಆರಿಸಿಕೊಳ್ಳುವುದು ಎತ್ತರದ, ಹರಡಿಕೊಂಡ ಮಳೆಮರ, ಹಳದಿ ಗುಲ್‌ಮೊಹರ್, ಆಲ, ಅರಳಿಗಳನ್ನು. ಸೊಸೈಟಿ ಕಂಪೌಂಡಿನಲ್ಲಿ, ರಸ್ತೆ ಬದಿಯಲ್ಲಿ ನಿಂತಿರುವುದೂ ಅವೇ ಮರಗಳು. ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವವರೆಗೆ ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಕಲ್ಯಾಣದಾಚೆ ಟಿಟ್ವಾಳಾ ಕಡೆಯ ಹಳ್ಳಿಗಳಲ್ಲಿ ಗೀಜಗ ನೇಯುವುದೂ ಈ ಮಳೆಯಲ್ಲೇ. ಪಕ್ಷಿತಜ್ಞ ಸಲೀಂ ಅಲಿಯವರು ಗೀಜಗದ ಸಂಸಾರದ ಗುಟ್ಟನ್ನು ಮುಂಬಯಿ ಬಂದರಿನ ಆಚೆ ದಡದ ಕಿಹಿಮ್‌ನಲ್ಲಿ ಕೂತು ಬಿಡಿಸಿದ್ದು 1930ರ ಮಳೆಗಾಲದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಕೊಂಕಣದ ಹಕ್ಕಿಗಳಿಗೆ ಮಳೆಯೇ ವಸಂತ.

ಹೀಗಿರುವಾಗ ಕೊಡಲಿ ಮೇ ತಿಂಗಳಲ್ಲೇ ಏಕೆ ಏಳುತ್ತದೆ? ಮರ ಹಾಗೆ ಕೇಳಿಕೊಂಡದ್ದಲ್ಲ. ಆರ್ಥಿಕ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಹೊಸ ಬಜೆಟ್ಟಿನ ದುಡ್ಡು ಕೈಗೆ ಬಂದು, ಟೆಂಡರು ಮುಗಿದು, ಗುತ್ತಿಗೆದಾರ ಏಣಿ ಇಡುವ ಹೊತ್ತಿಗೆ ಏಪ್ರಿಲ್ ಕಳೆದಿರುತ್ತದೆ. ನೈಋತ್ಯ ಮುಂಗಾರು ಮುಂಬಯಿ ತಲುಪುವ ವಾಡಿಕೆಯ ದಿನವನ್ನು ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿ ಜೂನ್ 11 ಎಂದು ಗುರುತಿಸಿದೆ. ನಾಲಾ ಸಫಾಯಿ, ರಸ್ತೆಗುಂಡಿ, ಕೊಂಬೆ ಮೂರನ್ನೂ ಒಂದೇ ಉಸಿರಿನಲ್ಲಿ ಮೇ ಅಂತ್ಯದೊಳಗೆ ಮುಗಿಸಬೇಕೆಂಬ ಧಾವಂತ ಆಗ ಹತ್ತಿಕೊಳ್ಳುತ್ತದೆ. ವಿದ್ಯುತ್ ಕಂಪನಿ ಮಹಾವಿತರಣದವರು ತಂತಿಗೆ ತಾಗುವ ಕೊಂಬೆಗಳನ್ನು ಸವರುವುದೂ ಅದೇ ದಿನಗಳಲ್ಲಿ. ಸೊಸೈಟಿಗಳು ಮಹಾನಗರಪಾಲಿಕೆಯ ವೃಕ್ಷ ಪ್ರಾಧಿಕರಣಕ್ಕೆ ಅರ್ಜಿ ಹಾಕಿ, ಅಧಿಕಾರಿ ಬಂದು ನೋಡಿ, ಅನುಮತಿ ಕೈಸೇರುವುದು ತಡವಾದರೆ ಕೆಲಸ ಜೂನ್ ದಾಟಿ ಜುಲೈಗೆ ಬೀಳುತ್ತದೆ. ಕೊಕ್ಕರೆ ಜಾತಿಯ ಹಕ್ಕಿಗಳಿಗೆ ದೊಡ್ಡ ಗಂಡಾಂತರ ಇರುವುದು ಹೀಗೆ ಜಾರಿಬಿದ್ದ ಛಾಟಣಿಯಲ್ಲಿ. ಮೇ ತಿಂಗಳಲ್ಲಿ ಕಡಿದರೆ ಗೂಡಿನ ಜಾಗ ಹೋಗುತ್ತದೆ, ಜುಲೈಯಲ್ಲಿ ಕಡಿದರೆ ಮರಿಯ ಪ್ರಾಣವೇ ಹೋಗುತ್ತದೆ.

ಅಂಥದೊಂದು ಘಟನೆ ದೇಶದ ಕಣ್ಣಿಗೆ ಬಿದ್ದದ್ದು ಕೇರಳದಲ್ಲಿ. 2022ರ ಸೆಪ್ಟೆಂಬರಿನಲ್ಲಿ ಮಲಪ್ಪುರಂ ಜಿಲ್ಲೆಯ ವಿ.ಕೆ. ಪಡಿ ಎಂಬಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆಂದು ಗೂಡು ತುಂಬಿದ ಮರವೊಂದನ್ನು ಯಂತ್ರದಿಂದ ಉರುಳಿಸಿದರು. ಮರ ವಾಲುತ್ತಿದ್ದಂತೆ ದೊಡ್ಡ ಹಕ್ಕಿಗಳು ಮೇಲೆದ್ದವು. ಹಾರಲು ಬಾರದ ಮರಿಗಳು ಕೊಂಬೆಯ ಸಮೇತ ಡಾಂಬರಿಗೆ ಅಪ್ಪಳಿಸಿದವು. ಯಾರೋ ತೆಗೆದ ವೀಡಿಯೊ ಊರೂರು ಸುತ್ತಿತು, ಅರಣ್ಯ ಇಲಾಖೆ ವನ್ಯಜೀವಿ ಕಾಯ್ದೆಯಡಿ ಮೊಕದ್ದಮೆ ಹೂಡಿತು. ಅದೇ ಹೆದ್ದಾರಿ 66 ನಮ್ಮ ಪನ್ವೇಲಿನಿಂದಲೇ ಹೊರಟು ಉಡುಪಿ, ಮಂಗಳೂರುಗಳನ್ನು ಹಾದು ಅಲ್ಲಿಗೆ ಹೋಗುವಂಥದು. ಒಂದು ಸಂಗತಿಯನ್ನು ಗಮನಿಸಬೇಕು: ಆ ಮರ ಹೇಗೂ ಹೋಗಬೇಕಾಗಿದ್ದ ಮರ. ಕೆಲವು ವಾರ ಕಾದಿದ್ದರೆ ರಸ್ತೆಯೂ ಆಗುತ್ತಿತ್ತು, ಮರಿಗಳೂ ಹಾರಿಹೋಗುತ್ತಿದ್ದವು. ಗೂಡನ್ನು ಎತ್ತಿ ಪಕ್ಕದ ಮರಕ್ಕೆ ಇಟ್ಟರಾಯಿತು ಎನ್ನುವವರಿದ್ದಾರೆ. ಬಕದ ಗೂಡೆಂದರೆ ಕಡ್ಡಿಗಳನ್ನು ಸಡಿಲವಾಗಿ ಅಡ್ಡಡ್ಡ ಇಟ್ಟ ಒಂದು ತಟ್ಟೆ. ಕೆಳಗಿನಿಂದ ನೋಡಿದರೆ ಅದರೊಳಗಿನಿಂದ ಆಕಾಶ ಕಾಣಿಸುತ್ತದೆ. ಕೊಂಬೆಯಿಂದ ಬಿಡಿಸಿದೊಡನೆ ಅದು ಗೂಡಾಗಿ ಉಳಿಯುವುದೇ ಇಲ್ಲ.

ಕಾಯ್ದೆ ಏನು ಹೇಳುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೆಯ ಕಲಮಿನಲ್ಲಿ ‘ಬೇಟೆ’ ಎಂಬುದಕ್ಕೆ ಕೊಟ್ಟಿರುವ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದು ಎರಡೂ ಬರುತ್ತವೆ. ಬಂದೂಕು ಹಿಡಿದವನೂ ಕತ್ತರಿ ಹಿಡಿದವನೂ ಈ ವ್ಯಾಖ್ಯೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 2022ರ ತಿದ್ದುಪಡಿ ಅನುಸೂಚಿಗಳನ್ನು ಆರರಿಂದ ನಾಲ್ಕಕ್ಕೆ ಇಳಿಸಿತು. ಕಾಗೆಯನ್ನು ಇಲಿ, ಬಾವಲಿಗಳ ಜೊತೆ ಉಪದ್ರವಿಯೆಂದು ಪಟ್ಟಿ ಮಾಡಿದ್ದ ಐದನೆಯ ಅನುಸೂಚಿಯೇ ಇಲ್ಲವಾಯಿತು. ಇನ್ನೊಂದು ಕಡೆ ಮರದ ಕಾಯ್ದೆ ಇದೆ: ನಗರ ಪ್ರದೇಶದ ಮರಗಳ ರಕ್ಷಣೆಗೆ ಮಹಾರಾಷ್ಟ್ರ 1975ರಲ್ಲಿ ಮಾಡಿದ್ದು. ಪ್ರತಿ ಮಹಾನಗರಪಾಲಿಕೆಯಲ್ಲೂ ವೃಕ್ಷ ಪ್ರಾಧಿಕರಣ ಇರುವುದು ಅದರಿಂದಲೇ. 2021ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಐವತ್ತು ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಮರವೆಂಬ ಮಾನ್ಯತೆ ಸಿಕ್ಕಿತು. ಆದರೆ ಮರ ನೋಡುವವರು ಪಾಲಿಕೆಯ ಉದ್ಯಾನ ವಿಭಾಗದವರು, ಹಕ್ಕಿ ನೋಡುವವರು ಅರಣ್ಯ ಇಲಾಖೆಯವರು. ಕೊಂಬೆ ಒಬ್ಬರ ಕಡತದಲ್ಲಿ, ಕೊಂಬೆಯ ಮೇಲಿನ ಗೂಡು ಇನ್ನೊಬ್ಬರ ಕಡತದಲ್ಲಿ. ಕಡಿಯಲು ಅನುಮತಿ ಪಡೆದ ಸೊಸೈಟಿಯವರು ಕಾನೂನು ಪಾಲಿಸಿದೆವೆಂದೇ ನಂಬಿರುತ್ತಾರೆ. ಮರದ ಅನುಮತಿಯಿಂದ ಗೂಡಿಗೆ ಕೈಹಾಕುವ ಅನುಮತಿ ಸಿಕ್ಕಂತಾಗುವುದಿಲ್ಲ ಎಂದು ಅವರಿಗೆ ತಿಳಿಯುವುದು ಮರಿಗಳು ನೆಲಕ್ಕೆ ಬಿದ್ದ ಮೇಲೆ. ಶಿಕ್ಷೆಯ ಭಯವೊಂದರಿಂದಲೇ ಇದು ಸರಿಹೋದೀತೆಂಬ ನಂಬಿಕೆ ನನಗಿಲ್ಲ. ಕೇಸು ಬೀಳುವುದು ವೀಡಿಯೊ ಇದ್ದಾಗ ಮಾತ್ರ.

ಈಗ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. ಮನುಷ್ಯರ ತಲೆಯ ಮೇಲೆ ಮರ ಬೀಳುವಾಗ ಹಕ್ಕಿಯ ಮಾತೇಕೆ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2017ರ ಜುಲೈಯಲ್ಲಿ ಚೆಂಬೂರಿನಲ್ಲಿ ಬೆಳಗ್ಗೆ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರ ಮೇಲೆ ತೆಂಗಿನಮರ ಬಿದ್ದು ಅವರು ತೀರಿಕೊಂಡರು. ಆ ಮರವನ್ನು ತೆಗೆಯಲು ಮೊದಲೇ ಕೇಳಿದ್ದ ಅನುಮತಿ ಸಿಕ್ಕಿರಲಿಲ್ಲ. ಇಂಥದ್ದನ್ನು ಕಂಡ ಸೆಕ್ರೆಟರಿ ಎಲ್ಲ ಮರಗಳನ್ನೂ ಬೋಳಿಸಿಬಿಡೋಣ ಅಂದರೆ ಅವರನ್ನು ಬೈದು ಪ್ರಯೋಜನವಿಲ್ಲ. ಕೇಳಬೇಕಾದ್ದು, ಮೇ ತಿಂಗಳಲ್ಲಿ ಬೋಳಿಸಿದರೆ ಅಪಾಯ ನಿಜವಾಗಿ ಕಡಿಮೆಯಾಗುತ್ತದೆಯೇ ಎಂದು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಸವರಿಕೊಂಡು ಹೋದಾಗ ಮುಂಬಯಿಯಲ್ಲಿ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರ್ ಮೀರಿತ್ತು. ಹಿಂದಿನ ವರ್ಷ ನಿಸರ್ಗ ಚಂಡಮಾರುತ ಬಂದದ್ದು ಜೂನ್ 3ರಂದು. ಮೇ 31ರ ಗಡುವು ಇಟ್ಟುಕೊಂಡವರ ಪಾಲಿಗೆ ತೌಕ್ತೆ ಎರಡು ವಾರ ಮೊದಲೇ ಬಂದಿತ್ತು. ಅರಬ್ಬೀ ಸಮುದ್ರದ ಚಂಡಮಾರುತಗಳಿಗೆ ಮುಂಗಾರಿಗೆ ಮುಂಚಿನ ಮೇ, ಜೂನ್ ಒಂದು ಋತುವಾದರೆ, ಹಿಂಗಾರಿನ ಅಕ್ಟೋಬರ್, ನವೆಂಬರ್ ಇನ್ನೊಂದು. ಮೇ ಆರಂಭದೊಳಗೇ ಮರ ಸಿದ್ಧವಾಗಿರಬೇಕೆಂದಾದರೆ ಕೆಲಸ ಮುಗಿಯಬೇಕಾದದ್ದು ಹಿಂದಿನ ಚಳಿಗಾಲದಲ್ಲಿ.

ಮರದ ಒಳಗಿನ ಸ್ಥಿತಿ ಗೊತ್ತಾಗುವುದೂ ಮಳೆಯ ಕೊನೆಯಲ್ಲೇ. ನಾಲ್ಕು ತಿಂಗಳ ನೀರು ಕುಡಿದ ಮೇಲೆ ಕೊಳೆತ ಕಾಂಡದ ಬುಡದಲ್ಲಿ ತಟ್ಟೆತಟ್ಟೆಯಾಗಿ ಗಟ್ಟಿ ಅಣಬೆ ಮೂಡುತ್ತದೆ. ಬೇಸಗೆಯಲ್ಲಿ ನಿರ್ದೋಷಿಯಂತೆ ಕಾಣುವ ಮರದ ರೋಗ ಸೆಪ್ಟೆಂಬರಿನಲ್ಲಿ ಹೊರಗೆ ಕಾಣುತ್ತದೆ. ಯಾವ ಕೊಂಬೆ ಮಳೆಯ ಭಾರಕ್ಕೆ ಬಾಗಿತು, ಯಾವ ಕವಲಿನಲ್ಲಿ ಸೀಳು ಬಿತ್ತು, ಯಾವ ಮರ ಹೋದ ವರ್ಷಕ್ಕಿಂತ ರಸ್ತೆಯ ಕಡೆ ವಾಲಿದೆ, ಇವೆಲ್ಲ ಮಳೆ ನಿಂತ ವಾರ ವಾಚ್‌ಮನ್‌ನನ್ನು ಕೇಳಿದರೂ ತಿಳಿಯುತ್ತದೆ. ಆ ಪುರಾವೆ ಹಿಡಿದು ಆರು ಮರಗಳಲ್ಲಿ ಎಂಟು ಕೊಂಬೆ ತೆಗೆದರೆ ಅದು ಕೆಲಸ. ಮೇ ತಿಂಗಳಲ್ಲಿ ಪುರಾವೆಯಿಲ್ಲದೆ ಅರುವತ್ತು ಮರಗಳ ತಲೆ ಹಾರಿಸುವುದು ಬರೀ ಬಿಲ್ಲು. ತಲೆ ಹಾರಿಸಿದ ಮರ ಸುಮ್ಮನಿರುವುದಿಲ್ಲ. ಕಡಿದ ತುದಿಯಿಂದ ಗೊಂಚಲು ಗೊಂಚಲಾಗಿ ಚಿಗುರು ಕೊಂಬೆಗಳು ನುಗ್ಗುತ್ತವೆ. ಅವು ಸಿಪ್ಪೆಗೆ ಅಂಟಿಕೊಂಡವು, ಒಳಮರಕ್ಕೆ ಬೇರೂರಿದವಲ್ಲ. ಎರಡು ವರ್ಷದಲ್ಲಿ ಗಾಳಿಗೆ ಮೊದಲು ಕಿತ್ತುಬರುವುದು ಅವೇ. ಮಳೆಯ ಮುಂಚಿನ ದಿನಗಳಲ್ಲಿ ಮಾಡಿದ ದೊಡ್ಡ ಗಾಯ ಒಣಗುವ ಮೊದಲೇ ನೀರು ನಿಂತು ಕೊಳೆಯುತ್ತದೆ. ರಸ್ತೆಯ ಕಡೆಗಷ್ಟೇ ಕಡಿದು ಇನ್ನೊಂದು ಪಕ್ಕ ಬಿಟ್ಟ ಮರ ತೂಕ ತಪ್ಪಿ ವಾಲುತ್ತದೆ. ಇನ್ನು ಬುಡದ ಸುತ್ತ ಪೇವರ್ ಬ್ಲಾಕು, ಕಾಂಕ್ರೀಟು ಬಿಗಿದು ಬೇರನ್ನು ಉಸಿರುಗಟ್ಟಿಸಿದ ಮೇಲೆ ತಲೆಯ ಮೇಲೆ ಎಷ್ಟು ಕತ್ತರಿಯಾಡಿಸಿದರೂ ಅಷ್ಟೆ. ಮರದ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟಿಲ್ಲದೆ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿಯ ಪ್ರಕರಣದಲ್ಲಿ ಹೇಳಿದ್ದು 2013ರಲ್ಲಿ. ನಮ್ಮ ಊರುಗಳ ಫುಟ್‌ಪಾತುಗಳಲ್ಲಿ ಅದನ್ನು ಹುಡುಕಿ ನೋಡಿ.

ಹಾಗಾದರೆ ಅಕ್ಟೋಬರಿನಲ್ಲಿ ಗೂಡೇ ಇರುವುದಿಲ್ಲವೇ ಎಂದು ಜಾಣರು ಕೇಳುತ್ತಾರೆ. ಇರುತ್ತದೆ. ಹಕ್ಕಿ ಗೂಡು ಕಟ್ಟದ ತಿಂಗಳು ಈ ಕರಾವಳಿಯಲ್ಲಿ ಇಲ್ಲ. ಮುನಿಯಗಳ ಕೊನೆಯ ಮರಿಗಳು ಅಕ್ಟೋಬರಿನಲ್ಲೂ ಗೂಡಿನಲ್ಲಿರಬಹುದು. ಸೂರಕ್ಕಿ, ಪಾರಿವಾಳ ಜಾತಿಯವು ವರ್ಷವಿಡೀ ಅಲ್ಲೊಂದು ಇಲ್ಲೊಂದು ಗೂಡು ಕಟ್ಟುತ್ತವೆ. ಚಳಿ ಶುರುವಾದರೆ ಹದ್ದು ಕಡ್ಡಿ ಹೊರತೊಡಗುತ್ತದೆ. ಜನವರಿ ದಾಟಿದರೆ ಗಿಳಿ ಪೊಟರೆ ಹಿಡಿಯುತ್ತದೆ. ಯುರೋಪಿನಲ್ಲಿ ಈ ಕಷ್ಟ ಕಡಿಮೆ. ಐರ್ಲೆಂಡಿನಲ್ಲಿ 1976ರ ವನ್ಯಜೀವಿ ಕಾಯ್ದೆ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿಗಿಡ ಕಡಿಯುವುದನ್ನು ನಿರ್ಬಂಧಿಸುತ್ತದೆ. ಇಂಗ್ಲೆಂಡಿನ ಹೊಲದ ಬೇಲಿಗಳಿಗೆ 2024ರ ನಿಯಮಾವಳಿ ಅದೇ ತಾರೀಖುಗಳನ್ನು ಹೇಳುತ್ತದೆ. ಜರ್ಮನಿಯಲ್ಲಿ ಸೆಪ್ಟೆಂಬರ್ 30ರವರೆಗೆ. ಅಲ್ಲಿ ಚಳಿಗಾಲವೇ ಬಾಗಿಲು ಹಾಕುತ್ತದೆ, ಕಾನೂನು ಅದರ ಮೇಲೆ ಚಿಲಕ ಹಾಕಿದರೆ ಸಾಕು. ಆ ತಾರೀಖುಗಳನ್ನು ಇಲ್ಲಿಗೆ ತಂದರೆ ಅನರ್ಥವೇ. ನಮಗೆ ಬೇಕಾದದ್ದು ಗೂಡು ಅತಿ ಕಡಿಮೆ ಇರುವ ಕಾಲವನ್ನು ಆರಿಸಿಕೊಂಡು, ಆಮೇಲೂ ಕಡಿಯುವ ಮುಂಚೆ ಒಮ್ಮೆ ನೋಡುವುದು. ನೋಡಲು ಪಕ್ಷಿತಜ್ಞರೇ ಬೇಕೆಂದಿಲ್ಲ. ಬೆಳಗ್ಗೆ ಅರ್ಧ ಗಂಟೆ ಮರದಿಂದ ದೂರ ನಿಂತರೆ, ಕೊಕ್ಕಿನಲ್ಲಿ ಕಡ್ಡಿಯೋ ಹುಳುವೋ ಕಚ್ಚಿಕೊಂಡ ಹಕ್ಕಿ ಒಂದೇ ಕೊಂಬೆಗೆ ಮತ್ತೆ ಮತ್ತೆ ಬರುವುದು ಯಾರಿಗೂ ಕಾಣುತ್ತದೆ. ಆ ಕೊಂಬೆಯನ್ನು ಬಿಟ್ಟು ಉಳಿದದ್ದು ಕಡಿಯಿರಿ. ನಾಳೆಯೇ ಬೀಳುವಂತಿರುವ ಮರಕ್ಕೆ ಈ ಯಾವ ನಿಯಮವೂ ಅಡ್ಡ ಬರಬಾರದು. ಅದನ್ನು ಯಾವ ತಿಂಗಳಾದರೂ ಇಳಿಸಲೇಬೇಕು. ಆದರೆ ಅಂಥ ಮರ ಕಂಪೌಂಡಿನಲ್ಲಿ ಒಂದೋ ಎರಡೋ. ಅದರ ಹೆಸರು ಹೇಳಿ ಉಳಿದದ್ದನ್ನೆಲ್ಲ ಸವರಿಹಾಕುವ ಅಭ್ಯಾಸಕ್ಕೆ ನನ್ನ ವಿರೋಧ.

ಮರದ ಮಾತು ಇಷ್ಟಾದರೆ ಬೇಲಿಗಿಡದ ಕಥೆ ಬೇರೆ. ಅಲ್ಲಿ ಋತುವಿಗಿಂತ ಅಂತರ ಮುಖ್ಯ. ಕಾಂಪ್ಲೆಕ್ಸುಗಳ ಸುತ್ತ ಸಾಲಾಗಿ ನೆಟ್ಟ ಡ್ಯುರಾಂಟಾ, ಫೈಕಸ್, ಮೆಹಂದಿ, ದಾಸವಾಳಗಳನ್ನು ಗೋಡೆಯ ಹಾಗೆ ಚೌಕವಾಗಿಡಲು ಮಾಳಿ ತಿಂಗಳಿಗೊಮ್ಮೆ ಕತ್ತರಿಸುತ್ತಾನೆ. ಸೊಂಟದ ಎತ್ತರದ ಆ ಹಸಿರಿನೊಳಗೆ ಟುವ್ವಿಹಕ್ಕಿಯ ಗೂಡು ಇದ್ದರೆ ಹೊರಗಿನಿಂದ ಕಾಣುವುದು ಒಂದು ಮಡಿಸಿದ ಎಲೆ ಮಾತ್ರ. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಸೂಜಿಮೊನೆಯಷ್ಟು ತೂತು ಚುಚ್ಚಿ, ಹತ್ತಿಯ ಎಳೆಯನ್ನೋ ಜೇಡರ ಬಲೆಯ ನೂಲನ್ನೋ ಅದರೊಳಗೆ ತೂರಿಸುತ್ತದೆ. ಗಂಟು ಹಾಕುವುದಿಲ್ಲ, ಹೊರಬಂದ ಎಳೆಯ ತುದಿ ಕುಚ್ಚಿನಂತೆ ಅರಳಿಕೊಂಡು ತೂತಿನಲ್ಲಿ ತಡೆದು ನಿಲ್ಲುತ್ತದೆ. ಎಲೆ ಗಿಡದಲ್ಲೇ ಇರುವುದರಿಂದ ಬಾಡುವುದಿಲ್ಲ, ಬಣ್ಣ ಕೆಡುವುದಿಲ್ಲ. ಇಷ್ಟು ಚೆನ್ನಾಗಿ ಮರೆಮಾಡಿದ ಗೂಡನ್ನು ಮೋಟಾರು ಕತ್ತರಿ ಹಿಡಿದವನು ಕಾಣಲಿಲ್ಲವೆಂದರೆ ತಪ್ಪು ಅವನದಲ್ಲ. ಲೆಕ್ಕ ಹಾಕಿ ನೋಡಿ: ಗೂಡು ಕಟ್ಟಲು ಸುಮಾರು ಒಂದು ವಾರ, ಮೊಟ್ಟೆ ಇಟ್ಟು ಮುಗಿಸಲು ಮೂರು ನಾಲ್ಕು ದಿನ, ಕಾವು ಹನ್ನೆರಡು ದಿನದ ಆಸುಪಾಸು, ಮರಿ ಹೊರಬರಲು ಮತ್ತೆರಡು ವಾರ. ಪಿಕಳಾರದ ಲೆಕ್ಕವೂ ಹತ್ತಿರ ಹತ್ತಿರ ಇಷ್ಟೇ. ಐದು ವಾರ ಬೇಕಾದ ಸಂಸಾರಕ್ಕೆ ನಾವು ಕೊಡುವುದು ನಾಲ್ಕು ವಾರ. ತಿಂಗಳ ಕತ್ತರಿಗೆ ಒಗ್ಗಿಸಿದ ಬೇಲಿಯಲ್ಲಿ ವರ್ಷವಿಡೀ ಗೂಡು ಕಟ್ಟಿದರೂ ಒಂದೂ ಪೂರೈಸುವುದು ಕಷ್ಟ. ಬೇಲಿಯ ಒಂದು ಮಗ್ಗುಲನ್ನು ಈ ತಿಂಗಳು, ಇನ್ನೊಂದನ್ನು ಮುಂದಿನ ತಿಂಗಳು ಕತ್ತರಿಸಿದರೆ ಎರಡಕ್ಕೂ ಎರಡೆರಡು ತಿಂಗಳ ಬಿಡುವು ಸಿಗುತ್ತದೆ. ಮಾಳಿಯ ಕೂಲಿಯೂ ಉಳಿಯುತ್ತದೆ. ಬೇಲಿ ಸ್ವಲ್ಪ ಕೆದರಿದಂತೆ ಕಾಣುತ್ತದೆ, ನಿಜ. ಚೌಕಾಕಾರದ ಗಿಡದಲ್ಲಿ ಅದೇನು ಸೌಂದರ್ಯವೋ ನನಗೆ ಅರ್ಥವಾಗಿಲ್ಲ.

ಉಳಿದದ್ದು ಹಿಕ್ಕೆಯ ಆಕ್ಷೇಪ, ಸೊಸೈಟಿ ಮೀಟಿಂಗಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವಂಥದು. ಬೆಳ್ಳಕ್ಕಿಗಳ ಮರದ ಕೆಳಗೆ ಕಾರು ನಿಲ್ಲಿಸುವಂತಿಲ್ಲ, ಮೀನಿನ ನಾತ, ಮೇಲಿನಿಂದ ಅರೆಬೆಂದಂಥ ಮೀನು ಬೀಳುತ್ತದೆ. 2021ರ ಜನವರಿಯಲ್ಲಿ ಹಕ್ಕಿಜ್ವರದ ಸುದ್ದಿಯ ನಡುವೆ ಥಾಣೆಯಲ್ಲಿ ಬಕಗಳು ಸತ್ತುಬಿದ್ದ ಮೇಲೆ ಭಯವೂ ಸೇರಿಕೊಂಡಿದೆ. ಇವು ಸುಳ್ಳು ದೂರುಗಳಲ್ಲ. ಆದರೆ ರೋಗದ ಅಂಜಿಕೆಯಿದ್ದರಂತೂ ಗೂಡು ತುಂಬಿದ ಮರಕ್ಕೆ ಕೈಹಾಕಲೇಬಾರದು. ಮರದ ಮೇಲಿದ್ದ ಮರಿಗಳನ್ನು ನೆಲಕ್ಕೆ ಬೀಳಿಸಿ, ಮಕ್ಕಳೂ ನಾಯಿಗಳೂ ಮುಟ್ಟುವಂತೆ ಮಾಡುವುದಕ್ಕಿಂತ ಕೆಟ್ಟ ಉಪಾಯವಿಲ್ಲ. ಗಲೀಜಿನ ಮಟ್ಟಿಗೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಲೆಕ್ಕಾಚಾರ ಕಲಿಯುವಂಥದು. ಆ ಊರಿನ ಬಗ್ಗೆ ಬರೆಯುವವರೆಲ್ಲ ಅಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಬಾಣಂತನಕ್ಕೆ ಬಂದ ಮಗಳ ಉಪಮೆಯನ್ನೇ ಎತ್ತುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಹುಣಸೆಹಣ್ಣು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿರುವ ತಿಂಗಳುಗಳೇ ಹುಣಸೆ ಬಡಿಯುವ ತಿಂಗಳುಗಳು. ಮರ ಬಡಿದರೆ ಗೂಡು ಉದುರುತ್ತದೆ, ಬಡಿಯದಿದ್ದರೆ ರೈತನ ಆದಾಯ ಹೋಗುತ್ತದೆ. ಅರಣ್ಯ ಇಲಾಖೆ ಆ ನಷ್ಟಕ್ಕೆ ಪರಿಹಾರ ಕೊಡುವ ಪದ್ಧತಿ ತಂದಿತು. ಹಿಕ್ಕೆ ಬೆರೆತ ಮಣ್ಣನ್ನು ರೈತರು ಹೊಲಕ್ಕೆ ಗೊಬ್ಬರವಾಗಿ ಹಾಕಿದರು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರ ಒಳ್ಳೆಯತನ ಅಲ್ಲಿ ಉಳಿದುಬಂದದ್ದು ಅದರ ಖರ್ಚನ್ನು ಯಾರೋ ಗಂಭೀರವಾಗಿ ಲೆಕ್ಕ ಹಾಕಿದ್ದರಿಂದ. ಡೊಂಬಿವಲಿಯ ಕಂಪೌಂಡಿನಲ್ಲಿ ಹುಣಸೆಯ ಬೆಳೆ ಇಲ್ಲ, ನಷ್ಟವೆಂದರೆ ಮೂರು ನಾಲ್ಕು ಪಾರ್ಕಿಂಗ್ ಜಾಗ ಮಳೆಗಾಲದ ಎರಡು ಮೂರು ತಿಂಗಳು. ಅಷ್ಟು ಜಾಗವನ್ನು ಬೇರೆ ಕಡೆ ಹಂಚುವುದು, ಆ ಸದಸ್ಯರ ಪಾರ್ಕಿಂಗ್ ಶುಲ್ಕ ಆ ಅವಧಿಗೆ ಬಿಡುವುದು ಕಮಿಟಿಯ ಕೈಯಲ್ಲೇ ಇರುವ ಪರಿಹಾರ.

ಹಕ್ಕಿಯ ಅಭಿಮಾನ ನಮ್ಮ ಊರುಗಳಿಗೆ ಇಲ್ಲವೆಂದಲ್ಲ: ನವಿಮುಂಬಯಿ ತನ್ನನ್ನು ಫ್ಲೆಮಿಂಗೊ ನಗರವೆಂದು ಕರೆದುಕೊಳ್ಳುತ್ತದೆ. ಥಾಣೆ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಸಂತೋಷವೇ. ಆದರೆ ಫ್ಲೆಮಿಂಗೊ ಇಲ್ಲಿಗೆ ಬರುವುದು ಊಟಕ್ಕೆ, ಮರಿ ಮಾಡುವುದು ಕಚ್ಛದ ರಣದಂಥ ಕಡೆ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲಿನ ಮರಕ್ಕೇ ತಿರುಗಿ ಬರುವ ಬೆಳ್ಳಕ್ಕಿಗೆ ಫ್ಲೆಮಿಂಗೊಗೆ ಸಿಕ್ಕಂತೆ ಊರಿನ ಗೋಡೆಯ ಮೇಲೆ ಚಿತ್ರವೂ ಇಲ್ಲ, ಕಡತದಲ್ಲಿ ಜಾಗವೂ ಇಲ್ಲ.

ಕೊನೆಗೆ ಕಾರ್ಯಸಾಧ್ಯತೆಯ ಪ್ರಶ್ನೆ. ಪಾಲಿಕೆಯ ಬಜೆಟ್ಟಿನ ಚಕ್ರವನ್ನು ನಾವು ತಿರುಗಿಸಲಾರೆವು, ನಿಜ. ಆದರೆ ಸಹಕಾರಿ ಹೌಸಿಂಗ್ ಸೊಸೈಟಿಗೆ ಬೇರೆಯದೇ ಒಂದು ಚಕ್ರವಿದೆ. ಮಹಾರಾಷ್ಟ್ರದ ಸಹಕಾರ ಕಾನೂನಿನ ಪ್ರಕಾರ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಮಳೆಯಲ್ಲಿ ಯಾವ ಮರ ಏನು ಮಾಡಿತೆಂಬುದು ಎಲ್ಲರ ನೆನಪಿನಲ್ಲಿ ಹಸಿಯಾಗಿರುವ ಹೊತ್ತು ಅದು. ಆ ಸಭೆಯಲ್ಲೇ ಮರಗಳ ಪಟ್ಟಿ ಮಂಡಿಸಿ, ಒಣಗಿದ, ಸೀಳಿದ, ವಾಲಿದ ಕೊಂಬೆಗಳನ್ನಷ್ಟೇ ನಮೂದಿಸಿ, ಅಕ್ಟೋಬರ್ ಮೊದಲ ವಾರ ವೃಕ್ಷ ಪ್ರಾಧಿಕರಣಕ್ಕೆ ಅರ್ಜಿ ಕೊಟ್ಟರೆ, ಮೇ ತಿಂಗಳ ನೂಕುನುಗ್ಗಲಿಲ್ಲದ ಕಚೇರಿಯಲ್ಲಿ ಅಧಿಕಾರಿಗೂ ಬಂದು ನೋಡುವ ಪುರುಸೊತ್ತು ಇರುತ್ತದೆ. ಗುತ್ತಿಗೆದಾರನ ಕರಾರಿನಲ್ಲಿ ಎರಡು ಸಾಲು ಸೇರಿಸಿ: ಮೊಟ್ಟೆಯೋ ಮರಿಯೋ ಇರುವ ಗೂಡು ಕಂಡರೆ ಆ ಕೊಂಬೆಯನ್ನು ಬಿಟ್ಟು ಕಮಿಟಿಗೆ ತಿಳಿಸತಕ್ಕದ್ದು, ಬಿಟ್ಟ ಕೊಂಬೆಗಾಗಿ ಅವನ ಬಿಲ್ಲಿನಲ್ಲಿ ಕಡಿತ ಮಾಡತಕ್ಕದ್ದಲ್ಲ. ಈ ಎರಡನೆಯ ಸಾಲಿಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ. ಕೊಂಬೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಗೂಡು ಕಾಣಿಸುವುದೇ ಇಲ್ಲ.